ಲೆಕ್ಕಿಗನ ಮೊದಲ ಕಕ್ಷಿಗಾರ

ರಾಜರ ಚರಿತ್ರೆಯನ್ನೂ ಯುದ್ಧಗಳ ಚರಿತ್ರೆಯನ್ನೂ ನಾವು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ಆದರೆ ಯುದ್ಧಕ್ಕೆ ಹಣವೊದಗಿಸಿದ ಸಾಹುಕಾರನ ಮಗ್ಗುಲಲ್ಲಿ ಕುಳಿತು ಜಮಾ ಖರ್ಚು ಬರೆದವನ ಚರಿತ್ರೆಯನ್ನು ವಿಚಾರಿಸಿದವರು ವಿರಳ. ಅದರಲ್ಲಿಯೂ, ಒಬ್ಬ ಧಣಿಯ ಸಂಬಳಕ್ಕೆ ಕಟ್ಟುಬೀಳದೆ, ತಾನೇ ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ ಹೆಸರಿನ ಹಲಗೆ ತೂಗುಹಾಕಿ, ಬಂದವರ ಲೆಕ್ಕ ಬರೆದುಕೊಟ್ಟು ಜೀವಿಸುತ್ತೇನೆಂದು ಕುಳಿತ ಸ್ವತಂತ್ರ ಲೆಕ್ಕಿಗನ ವೃತ್ತಾಂತವು ಇನ್ನೂ ಅಪರಿಚಿತ. ಈ ಹೊತ್ತಿನ ಭಾಷಣದಲ್ಲಿ ನಾವು ಅವನ ವಿಷಯವಾಗಿ ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ: ಅವನಿಗೆ ಮೊದಲನೆಯ ಕಕ್ಷಿಗಾರನು ಎಲ್ಲಿಂದ ಬಂದನು?

ಈ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ಕಂಡರೂ ಅಲ್ಪವಲ್ಲ. ಹೊಸದಾಗಿ ಬಂದ ವೈದ್ಯನ ಬಳಿಗೆ ರೋಗಿಯು ನೋವು ತಾಳಲಾರದೆ ಹೋಗುತ್ತಾನೆ. ಹೊಸ ವಕೀಲನ ಬಳಿಗೆ ವ್ಯಾಜ್ಯವು ಮನುಷ್ಯನನ್ನು ತಾನಾಗಿಯೇ ನೂಕಿಕೊಂಡು ಬರುತ್ತದೆ. ಲೆಕ್ಕಿಗನ ಸ್ಥಿತಿಯೇ ಬೇರೆ. ವರ್ತಕನು ತನ್ನ ಹೆಂಡತಿ ಮಕ್ಕಳಿಗೂ ತೋರಿಸದ ಪುಸ್ತಕವನ್ನು ಅಪರಿಚಿತನಾದ ತನ್ನ ಮುಂದೆ ಬಿಚ್ಚಬೇಕೆಂದು ಅವನು ಕೇಳುತ್ತಾನೆ. ಸಾಲವೆಷ್ಟು, ಲಾಭವೆಷ್ಟು, ಯಾರಿಗೆ ಎಷ್ಟು ಬಾಕಿ ಎಂಬ ಗುಟ್ಟೆಲ್ಲ ಆ ಪುಸ್ತಕದಲ್ಲಿದೆ. ಅದನ್ನು ಪರಸ್ಥನ ಕೈಗೆ ಕೊಡುವಷ್ಟು ವಿಶ್ವಾಸವು ಹುಟ್ಟುವುದು ಹೇಗೆ? ವಿಶ್ವಾಸ ಹುಟ್ಟಬೇಕಾದರೆ ಕೆಲಸವನ್ನು ನೋಡಿರಬೇಕು. ಕೆಲಸವನ್ನು ನೋಡಬೇಕಾದರೆ ಮೊದಲು ಯಾರಾದರೂ ಕೆಲಸ ಕೊಟ್ಟಿರಬೇಕು. ಈ ಸುಳಿಯಿಂದ ಹೊರಬಂದವರ ಕಥೆಯೇ ಈ ವೃತ್ತಿಯ ಆರಂಭದ ಕಥೆ.

ನಮ್ಮ ನಾಡಿನಲ್ಲಿ ಈ ಸುಳಿ ಇರಲಿಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತವನ್ನು ಬಿಚ್ಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಶಾನುಭೋಗರು ತಮ್ಮ ಕೆಲಸವನ್ನು ಹುಡುಕಿಕೊಂಡು ಹೋದವರಲ್ಲ. ಅದು ವಂಶಪಾರಂಪರ್ಯವಾಗಿ ಬಂದ ಹಕ್ಕು. ಗ್ರಾಮವೇ ಅವರ ಕಕ್ಷಿ. ತಂದೆಯ ಕಡತವೇ ಮಗನ ಬಂಡವಾಳ. ಅವರು ಬರೆದ ಲೆಕ್ಕವು ಸರಿಯೋ ತಪ್ಪೋ, ಊರಿನವರು ಅವರನ್ನು ಬಿಟ್ಟು ಬೇರೊಬ್ಬರ ಬಳಿಗೆ ಹೋಗುವಂತಿರಲಿಲ್ಲ. 1961ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿಯ ಶಾಸನವು ಬಂದು ಈ ವಂಶಾಧಿಕಾರವು ಕೊನೆಗಾಣುವವರೆಗೂ ಇದೇ ಕ್ರಮ. ಹುಟ್ಟಿನಿಂದ ಬಂದ ಲೆಕ್ಕಿಗನಿಗೆ ಮೊದಲ ಕಕ್ಷಿಗಾರನೆಂಬ ಚಿಂತೆಯೇ ಇಲ್ಲ. ಆ ಚಿಂತೆಯನ್ನು ಹೊತ್ತವನನ್ನು ನೋಡಬೇಕಾದರೆ ನಾವು ಬೇರೊಂದು ಪೇಟೆಗೆ ಹೋಗಬೇಕು. ಅದು ಲಂಡನ್ ನಗರ. ಕಾಲವು ಹತ್ತೊಂಬತ್ತನೆಯ ಶತಮಾನ.

ಅದಕ್ಕೆ ಹಿಂದೆಯೂ ಅಲ್ಲಿ ಲೆಕ್ಕ ಬರೆದುಕೊಡುವವರು ಇಲ್ಲದಿರಲಿಲ್ಲ. ಆದರೆ ಅವರಲ್ಲಿ ಹಲವರಿಗೆ ಅದು ಉಪವೃತ್ತಿ. ಮಕ್ಕಳಿಗೆ ಅಂದವಾದ ಅಕ್ಷರವನ್ನೂ ಅಂಕಗಣಿತವನ್ನೂ ಕಲಿಸುವ ಉಪಾಧ್ಯಾಯರು ಬಿಡುವಿನ ವೇಳೆಯಲ್ಲಿ ವರ್ತಕರ ಖಾತೆಗಳನ್ನು ಸರಿಪಡಿಸಿಕೊಡುತ್ತಿದ್ದರು. 1720ರಲ್ಲಿ ಸೌತ್ ಸೀ ಕಂಪನಿಯ ಷೇರಿನ ಗುಳ್ಳೆ ಒಡೆದು ಸಾವಿರಾರು ಮಂದಿ ನಷ್ಟಕ್ಕೆ ಸಿಕ್ಕಿದಾಗ, ಆ ವ್ಯವಹಾರಕ್ಕೆ ಸಂಬಂಧಪಟ್ಟ ಒಂದು ವರ್ತಕ ಸಂಸ್ಥೆಯ ಪುಸ್ತಕಗಳನ್ನು ಪರೀಕ್ಷಿಸಿ ವರದಿ ಕೊಟ್ಟವನು ಚಾರ್ಲ್ಸ್ ಸ್ನೆಲ್ ಎಂಬ ಇಂಥ ಒಬ್ಬ ಬರವಣಿಗೆಯ ಉಪಾಧ್ಯಾಯನೇ. ವೃತ್ತಿಯು ಬೆಳೆದದ್ದು ಬಹಳ ನಿಧಾನವಾಗಿ. 1799ರ ಲಂಡನ್ನಿನ ವಿಳಾಸಪಟ್ಟಿಗಳಲ್ಲಿ ಲೆಕ್ಕಿಗರೆಂದು ಕಾಣುವ ಹೆಸರುಗಳು ಹನ್ನೊಂದರಷ್ಟು ಮಾತ್ರ. 1840ರ ವೇಳೆಗೆ ಅವು ನೂರರ ಆಸುಪಾಸಿಗೆ ಬಂದವು. ಪ್ರಪಂಚದ ವ್ಯಾಪಾರವೆಲ್ಲ ಹಾದುಹೋಗುತ್ತಿದ್ದ ಮಹಾನಗರಕ್ಕೆ ಇದು ಎಷ್ಟರ ಸಂಖ್ಯೆ! ವರ್ತಕರಿಗೆ ತಮ್ಮ ತಮ್ಮ ಗುಮಾಸ್ತರು ಸಾಕಾಗಿದ್ದರು. ಹೊರಗಿನವನು ಅವರಿಗೆ ಬೇಕಾಗಿರಲಿಲ್ಲ.

ಹಾಗಾದರೆ ಹೊರಗಿನವನು ಯಾವಾಗ ಬೇಕಾದನು? ಮನೆ ಮುಳುಗಿದಾಗ. ವಿಲಿಯಂ ವೆಲ್ಚ್ ಡೆಲಾಯ್ಟ್ ಎಂಬವನ ಚರಿತ್ರೆಯು ಇದನ್ನು ಸ್ಪಷ್ಟಪಡಿಸುತ್ತದೆ. 1818ರಲ್ಲಿ ಹುಟ್ಟಿದ ಇವನು ಹದಿನೈದನೆಯ ವಯಸ್ಸಿನಲ್ಲಿ ಲಂಡನ್ನಿನ ದಿವಾಳಿ ನ್ಯಾಯಾಲಯದಲ್ಲಿ ಸರ್ಕಾರಿ ಅಸೈನಿಯ ಕೈಕೆಳಗೆ ಕೆಲಸಕ್ಕೆ ಸೇರಿದನು. ದಿವಾಳಿಯೆದ್ದವನ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ಸಾಲಿಗರಿಗೆ ಹಂಚುವ ಅಧಿಕಾರಿಗೆ ಅಸೈನಿಯೆಂದು ಹೆಸರು. ಅವನ ಕಛೇರಿಗೆ ಬರುತ್ತಿದ್ದ ಪುಸ್ತಕಗಳು ಎಂಥವು? ಅರ್ಧ ಬರೆದವು, ನಡುವೆ ಹಾಳೆ ಹರಿದವು, ಸಾಲಗಾರರ ಹೆಸರಿದ್ದು ಮೊತ್ತವಿಲ್ಲದವು. ಅವುಗಳಿಂದ ಸತ್ಯವನ್ನು ಹೊರತೆಗೆಯುವುದೇ ಆ ಹುಡುಗನಿಗೆ ದೊರೆತ ವಿದ್ಯಾಭ್ಯಾಸ. ಚೆನ್ನಾಗಿ ನಡೆಯುತ್ತಿರುವ ಅಂಗಡಿಯ ಲೆಕ್ಕದಿಂದ ಕಲಿಯುವುದಕ್ಕಿಂತ ಮುರಿದುಬಿದ್ದ ಅಂಗಡಿಯ ಲೆಕ್ಕದಿಂದ ಕಲಿಯುವುದು ಹೆಚ್ಚೆಂದು ನಮಗೆ ತೋರುತ್ತದೆ. ಯಾವ ತಿಂಗಳಲ್ಲಿ ಬಾಕಿ ವಸೂಲು ನಿಂತಿತು, ಯಾವಾಗ ಧಣಿಯು ಅಂಗಡಿಯ ಹಣವನ್ನು ಮನೆಯ ಖರ್ಚಿಗೆ ಎಳೆಯತೊಡಗಿದನು ಎಂಬುದೆಲ್ಲ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

1845ರಲ್ಲಿ ಡೆಲಾಯ್ಟನು ತನ್ನದೇ ಕಛೇರಿಯನ್ನು ತೆರೆದನು. ಅವನು ಆರಿಸಿಕೊಂಡ ಸ್ಥಳವು ಗಮನಾರ್ಹ: ಬೇಸಿಂಗ್‌ಹಾಲ್ ಬೀದಿ, ದಿವಾಳಿ ನ್ಯಾಯಾಲಯದ ಎದುರುಗಡೆ. ತನ್ನ ಕೈಬರಹವನ್ನು ಯಾರು ಬಲ್ಲರೋ, ತನ್ನ ಪ್ರಾಮಾಣಿಕತೆಯನ್ನು ಯಾರು ಹತ್ತಾರು ವರ್ಷ ನೋಡಿದ್ದರೋ ಅವರ ಕಣ್ಣಿಗೆ ಬೀಳುವಂತೆ ಅವನು ಬಾಗಿಲು ತೆರೆದನು. ಅಪರಿಚಿತರ ಪೇಟೆಗೆ ಹೋಗಿ ಕೂಗಲಿಲ್ಲ.

ಕಾಲವೂ ಅವನಿಗೆ ಅನುಕೂಲವಾಗಿತ್ತು. 1844ರ ಶಾಸನದಿಂದ ಕೂಡುಬಂಡವಾಳದ ಕಂಪನಿಗಳು ನೋಂದಣಿಯಾಗಿ, ಷೇರುದಾರರ ಮುಂದೆ ಆಸ್ತಿ ಸಾಲಗಳ ತಖ್ತೆಯನ್ನಿಡಬೇಕಾಯಿತು. ರೈಲ್ವೆ ಮುಂತಾದ ಕಂಪನಿಗಳಿಗೆ ಅನ್ವಯಿಸುವ 1845ರ ಶಾಸನದಲ್ಲಿ ಒಂದು ವಿಚಿತ್ರವಾದ ವಿಧಿಯಿತ್ತು. ಲೆಕ್ಕ ತನಿಖೆ ಮಾಡುವವರು ಆ ಕಂಪನಿಯ ಷೇರುದಾರರೇ ಆಗಿರಬೇಕು. ತಮ್ಮ ಹಣ ತೊಡಗಿಸಿದವರೇ ಎಚ್ಚರದಿಂದ ನೋಡುವರೆಂಬುದು ಶಾಸನಕರ್ತರ ಎಣಿಕೆ. ಆದರೆ ಆ ಷೇರುದಾರರಲ್ಲಿ ಎಷ್ಟು ಮಂದಿಗೆ ಲೆಕ್ಕ ಓದಲು ಬರುತ್ತಿತ್ತು? ಜಮೀನುದಾರರೂ ನಿವೃತ್ತ ಸೇನಾಧಿಕಾರಿಗಳೂ ಪಾದ್ರಿಗಳೂ ಷೇರುದಾರರಾಗಿದ್ದ ಕಾಲವದು. ಅದೇ ಶಾಸನವು ಇನ್ನೊಂದು ಸಣ್ಣ ಕಿಟಕಿಯನ್ನು ತೆರೆದಿಟ್ಟಿತ್ತು: ತನಿಖೆದಾರರು ಬೇಕಾದರೆ ಕಂಪನಿಯ ಖರ್ಚಿನಲ್ಲಿ ಲೆಕ್ಕಬಲ್ಲವರನ್ನು ನೆರವಿಗೆ ಕರೆದುಕೊಳ್ಳಬಹುದು. ಸ್ವತಂತ್ರ ಲೆಕ್ಕಿಗನು ದೊಡ್ಡ ಕಂಪನಿಗಳ ಒಳಹೊಕ್ಕದ್ದು ಈ ಕಿಟಕಿಯಿಂದ. 1849ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ಡೆಲಾಯ್ಟನನ್ನು ಹೀಗೆ ಕರೆದರು. ‘ರೈಲ್ವೆ ರಾಜ’ನೆಂದು ಬಿರುದು ಪಡೆದಿದ್ದ ಜಾರ್ಜ್ ಹಡ್ಸನ್ನನ ಮೋಸಗಳು ಬಯಲಾಗಿ ಅವನು ಉರುಳಿದ್ದೂ ಅದೇ ವರ್ಷ. ಷೇರುದಾರರು ಹೆದರಿದ್ದರು, ಹೆದರಿದವರಿಗೆ ಹೊರಗಿನವನ ಕಣ್ಣು ಬೇಕಾಯಿತು.

1856ರಲ್ಲಿ ಇನ್ನೊಂದು ಪ್ರಕರಣ. ಗ್ರೇಟ್ ನಾರ್ದರ್ನ್ ರೈಲ್ವೆಯ ಷೇರು ನೋಂದಣಿಯ ಕಛೇರಿಯಲ್ಲಿದ್ದ ಲಿಯೊಪೋಲ್ಡ್ ರೆಡ್‌ಪಾತ್ ಎಂಬವನು ಇಲ್ಲದ ಷೇರುಗಳನ್ನು ಪುಸ್ತಕದಲ್ಲಿ ಸೃಷ್ಟಿಸಿ ಮಾರಿ 2 ಲಕ್ಷ ಪೌಂಡುಗಳಿಗೂ ಮಿಗಿಲಾಗಿ ನುಂಗಿದ್ದನು. ಹೊರಗೆ ಅವನಿಗೆ ದೊಡ್ಡ ದಾನಿಯೆಂಬ ಕೀರ್ತಿ. ಆ ಮೋಸದ ಎಳೆಗಳನ್ನು ಬಿಡಿಸಿ ಲೆಕ್ಕದ ಮೂಲಕ ತೋರಿಸಿಕೊಟ್ಟ ಕೆಲಸದಲ್ಲಿ ಡೆಲಾಯ್ಟನ ಹೆಸರು ಎಲ್ಲೆಡೆಯೂ ಹರಡಿತು. ಬೀದಿಯಾಚೆಯ ನ್ಯಾಯಾಲಯವನ್ನು ನಂಬಿ ಬಾಗಿಲು ತೆರೆದವನ ಬಳಿಗೆ ಹನ್ನೊಂದು ವರ್ಷಗಳಲ್ಲಿ ರೈಲ್ವೆಗಳು ಬಂದಿದ್ದವು.

ಆದರೆ ದಿವಾಳಿಯ ಬಾಗಿಲಿನಿಂದ ಬಂದ ವೃತ್ತಿಗೆ ಅದರ ಕಳಂಕವೂ ಅಂಟಿಕೊಂಡಿತು. ಸತ್ತವರ ಮನೆಯ ಸುತ್ತ ಸುಳಿಯುವ ಹದ್ದುಗಳಂತೆ ಇವರೆಂದು ಜನರು ಭಾವಿಸಿದರು. 1869ರ ದಿವಾಳಿ ಶಾಸನವು ಲೆಕ್ಕಿಗರ ಕೈಗೆ ಹೆಚ್ಚಿನ ಅಧಿಕಾರವನ್ನು ಕೊಟ್ಟಾಗ, ಹೆಸರಿನ ಹಲಗೆಯೊಂದನ್ನು ಬಿಟ್ಟರೆ ಬೇರಾವ ಯೋಗ್ಯತೆಯೂ ಇಲ್ಲದವರು ಗುಂಪುಗುಂಪಾಗಿ ಈ ಕಸುಬಿಗಿಳಿದರು. 1875ರಲ್ಲಿ ನ್ಯಾಯಮೂರ್ತಿ ಕ್ವೇನ್ ಅವರು, ದಿವಾಳಿಯ ವ್ಯವಹಾರಗಳೆಲ್ಲವೂ ಲೆಕ್ಕಿಗರೆಂಬ ಅಜ್ಞಾನಿಗಳ ಕೈಗೆ ಹೋದುದು ನ್ಯಾಯಪದ್ಧತಿಗೆ ದೊಡ್ಡ ಕೇಡೆಂಬ ಅರ್ಥದಲ್ಲಿ ಕಟುವಾಗಿ ನುಡಿದರು. ಪರರ ದುಃಖದಿಂದ ಮೊದಲ ಕಕ್ಷಿಗಾರನನ್ನು ಪಡೆದವನು ಆ ದುಃಖದಿಂದಲೇ ಬೆಳೆಯುವವನೆಂಬ ಅಪವಾದವನ್ನೂ ಹೊರಬೇಕಾಗುತ್ತದೆ.

ಎರಡನೆಯ ಬಾಗಿಲು ಬಂಧುತ್ವದ್ದು. ಎಡ್ವಿನ್ ವಾಟರ್‌ಹೌಸ್ ಎಂಬ ತರುಣನು 1864ರ ಫೆಬ್ರವರಿ 24ರಂದು ಲಂಡನ್ನಿನ ಓಲ್ಡ್ ಜ್ಯೂರಿ ಎಂಬ ಬೀದಿಯಲ್ಲಿ ಸ್ವಂತ ಕಛೇರಿಯನ್ನು ತೆರೆದಾಗ ಅವನಿಗೆ 22 ವರ್ಷ. ಅದಕ್ಕೆ ಮೊದಲು ಟರ್ಕ್ವಾಂಡ್ ಎಂಬ ಪ್ರಸಿದ್ಧ ಲೆಕ್ಕಿಗರ ಬಳಿ ಸುಮಾರು ಮೂರು ವರ್ಷ ಕೆಲಸ ಕಲಿತಿದ್ದನು. ತಂದೆಯು ಲಿವರ್‌ಪೂಲಿನ ಹತ್ತಿಯ ದಲ್ಲಾಳಿ. ಅಣ್ಣ ಆಲ್ಫ್ರೆಡನು ಮುಂದೆ ಲಂಡನ್ನಿನ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯವನ್ನು ಕಟ್ಟಿಸಿದ ವಾಸ್ತುಶಿಲ್ಪಿ. ಮನೆತನವು ಕ್ವೇಕರ್ ಪಂಥದ್ದು.

ಈ ಪಂಥದ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮನುಷ್ಯನು ಸದಾ ನಿಜವನ್ನೇ ಹೇಳಬೇಕಾದುದರಿಂದ ನ್ಯಾಯಾಲಯದಲ್ಲಿ ಬೇರೆಯಾಗಿ ಪ್ರಮಾಣ ಮಾಡುವುದು ಅನಾವಶ್ಯಕವೆಂಬುದು ಕ್ವೇಕರರ ನಿಲುವು. ಆ ನಿಲುವಿನಿಂದಲೂ ರಾಜಮತಕ್ಕೆ ಸೇರದ ಕಾರಣದಿಂದಲೂ ಅವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಗಳೂ ಸರ್ಕಾರದ ಅಧಿಕಾರಗಳೂ ಬಹುಕಾಲ ಮುಚ್ಚಿದ್ದವು. ಉಳಿದದ್ದು ವ್ಯಾಪಾರ, ಕೈಗಾರಿಕೆ, ಬ್ಯಾಂಕು. ಅಲ್ಲಿ ಅವರು ಬೆಳೆದರು. ತಮ್ಮವನೊಬ್ಬನು ದಿವಾಳಿಯೆದ್ದರೆ ಸಭೆಯವರು ಅವನನ್ನು ವಿಚಾರಿಸಿ, ಸಾಲಿಗರಿಗೆ ಅನ್ಯಾಯ ಮಾಡಿದ್ದರೆ ಪಂಥದಿಂದ ಹೊರಗಿಡುತ್ತಿದ್ದರು. ಲೆಕ್ಕವನ್ನು ಸರಿಯಾಗಿಡುವುದು ಅವರಲ್ಲಿ ಕೇವಲ ಜಾಣತನವಾಗಿರದೆ ಧರ್ಮವಾಗಿತ್ತು.

ಇಂಥವರ ನಡುವೆ ಹುಟ್ಟಿದ ತರುಣನಿಗೆ ಮೊದಮೊದಲ ಕೆಲಸಗಳು ಅಣ್ಣತಮ್ಮಂದಿರಿಂದ, ಬಂಧುಗಳಿಂದ, ಪರಿಚಿತ ಮನೆತನಗಳಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ. ಲೀಡ್ಸಿನಲ್ಲಿ ಹಬೆಯ ನೇಗಿಲುಗಳನ್ನು ತಯಾರಿಸುತ್ತಿದ್ದ ಫೌಲರ್ ಕಂಪನಿಯ ಕಾರ್ಖಾನೆಗೆ ವೆಚ್ಚದ ಲೆಕ್ಕದ ಕ್ರಮವನ್ನು ರೂಪಿಸುವುದು ಅವನ ಆರಂಭದ ಕೆಲಸಗಳಲ್ಲಿ ಒಂದು. ಇದು ಹಳೆಯ ತಪ್ಪುಗಳನ್ನು ಹುಡುಕುವ ಕೆಲಸವಲ್ಲ. ಯಾವ ಬಗೆಯ ಯಂತ್ರದಿಂದ ಲಾಭ, ಯಾವುದರಿಂದ ನಷ್ಟ ಎಂಬುದನ್ನು ನಡೆಯುತ್ತಿರುವ ಕಾರ್ಖಾನೆಗೆ ಮುಂಚಿತವಾಗಿಯೇ ತೋರಿಸಿಕೊಡುವುದು. ಡೆಲಾಯ್ಟನು ಸತ್ತವರ ಲೆಕ್ಕದಿಂದ ಮೊದಲುಮಾಡಿದರೆ ವಾಟರ್‌ಹೌಸನು ಬದುಕಿರುವವರ ಲೆಕ್ಕದಿಂದ ಮೊದಲುಮಾಡಿದನೆನ್ನಬಹುದು.

ಆದರೆ ಬಂಧುತ್ವದ ಬಾಗಿಲಲ್ಲಿಯೂ ಒಂದು ಮುಳ್ಳಿದೆ. ಚಿಕ್ಕಪ್ಪನ ಲೆಕ್ಕದಲ್ಲಿ ತಪ್ಪು ಕಂಡರೆ ಹೇಳುವುದು ಹೇಗೆ? ಅಣ್ಣನ ಬಾಕಿಯನ್ನು ಕೇಳುವುದು ಹೇಗೆ? ಸಲಿಗೆಯಿಂದ ಬಂದ ಕಕ್ಷಿಗಾರನು ಸಲಿಗೆಯಿಂದಲೇ ಸಂಭಾವನೆಯನ್ನು ತಡೆಯುತ್ತಾನೆ. ಸಲಿಗೆಯಿಂದಲೇ, ‘ಈ ಒಂದು ಕಲಮನ್ನು ಬಿಟ್ಟುಬಿಡಪ್ಪ’ ಎನ್ನುತ್ತಾನೆ. ವಾಟರ್‌ಹೌಸನು ಆ ಬಾಗಿಲಲ್ಲಿಯೇ ನಿಲ್ಲಲಿಲ್ಲ. 1865ರ ಮೇ ತಿಂಗಳಲ್ಲಿ, ಸ್ಯಾಮ್ಯುಯಲ್ ಲೊವೆಲ್ ಪ್ರೈಸ್, ಹೋಲಿಲೆಂಡ್ ಎಂಬ ತನಗಿಂತ ಹಿರಿಯರಾದ ಇಬ್ಬರೊಡನೆ ಪಾಲುಗಾರನಾಗಿ ಸೇರಿಕೊಂಡನು. ಪ್ರೈಸನು 1849ರಿಂದ ಲಂಡನ್ನಿನಲ್ಲಿ ಕಛೇರಿ ನಡೆಸುತ್ತಿದ್ದವನು. ಮನೆಯವರ ಪ್ರೀತಿಯಿಂದ ಆರಂಭವಾದ ಕೆಲಸವು ಹೀಗೆ ಒಂದು ವರ್ಷದ ಚಿಲ್ಲರೆಯಲ್ಲಿ ಪರಸ್ಥರ ವಿಶ್ವಾಸದ ಮೇಲೆ ನಿಂತಿತು.

ನ್ಯಾಯಾಲಯದ ಪರಿಚಯವೂ ಇಲ್ಲ, ದೊಡ್ಡ ಮನೆತನದ ಆಸರೆಯೂ ಇಲ್ಲ, ವೃತ್ತಿಯೊಳಗೆ ಪ್ರವೇಶವೇ ಇಲ್ಲವೆಂದಾದರೆ ಗತಿಯೇನು? ಇದಕ್ಕೆ ಮೇರಿ ಹ್ಯಾರಿಸ್ ಸ್ಮಿತ್ ಎಂಬ ಮಹಿಳೆಯ ಜೀವನವು ಉತ್ತರ. ಬ್ಯಾಂಕೊಂದರ ಗುಮಾಸ್ತನ ಮಗಳಾದ ಈಕೆ ಎಳವೆಯಲ್ಲಿಯೇ ಗಣಿತದಲ್ಲಿ ಆಸಕ್ತಿ ತಳೆದು, ವರ್ತಕ ಸಂಸ್ಥೆಯಲ್ಲಿಯೂ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಆರ್ಟ್ ನೀಡಲ್‌ವರ್ಕ್ ಎಂಬ ಕಸೂತಿಯ ಶಾಲೆಯಲ್ಲಿಯೂ ಲೆಕ್ಕ ನೋಡಿಕೊಂಡಳು. 1887ರಲ್ಲಿ ಸ್ವಂತ ಕಛೇರಿಯನ್ನು ತೆರೆದಳು. ಅಷ್ಟರೊಳಗೆ ವೃತ್ತಿಯು ಸಂಘಟಿತವಾಗಿತ್ತು. ಎಡಿನ್‌ಬರೋದ ಲೆಕ್ಕಿಗರು 1854ರಲ್ಲಿ ರಾಜಸನ್ನದು ಪಡೆದಿದ್ದರು. 1880ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸನ್ನದು ಲೆಕ್ಕಿಗರ ಸಂಸ್ಥೆಯು ಸ್ಥಾಪಿತವಾಗಿತ್ತು. ಅಜ್ಞಾನಿಗಳನ್ನು ಹೊರಗಿಡುವುದಕ್ಕಾಗಿ ಕಟ್ಟಿದ ಆ ಗೋಡೆಯು ಈಕೆಯನ್ನೂ ಹೊರಗಿಟ್ಟಿತು. 1891ರಲ್ಲಿ ಈಕೆಯು ಸದಸ್ಯತ್ವವನ್ನು ಕೇಳಿದಾಗ, ಸನ್ನದು ಪುರುಷರನ್ನು ಮಾತ್ರ ಕುರಿತದ್ದೆಂದು ಅರ್ಥಮಾಡಿ ನಿರಾಕರಿಸಿದರು.

ಈಕೆಯು ಅಂಗಡಿ ಮುಚ್ಚಲಿಲ್ಲ. ಖಾಸಗಿಯವರ ಲೆಕ್ಕ ಬರೆಯುವುದಕ್ಕೂ ನೋಡುವುದಕ್ಕೂ ಆ ದೇಶದ ಶಾಸನವು ಯಾವ ಬಿರುದನ್ನೂ ಕೇಳುತ್ತಿರಲಿಲ್ಲ. ಹೆಸರಿನ ಮುಂದೆ ಬರೆದುಕೊಳ್ಳಲು ಅಕ್ಷರಗಳಿಲ್ಲದ ಲೆಕ್ಕಿಗಳನ್ನು ಕಕ್ಷಿಗಾರರು ನಂಬಬೇಕಾದರೆ ಅವಳ ಲೆಕ್ಕದ ಹೊರತು ಬೇರೆ ಆಧಾರವಿಲ್ಲ. ಆ ಒಂದೇ ಆಧಾರದ ಮೇಲೆ ಈಕೆಯು ಮೂವತ್ತಕ್ಕೂ ಹೆಚ್ಚು ವರ್ಷ ವೃತ್ತಿ ನಡೆಸಿದಳು. ಲಿಂಗಭೇದದ ನಿರ್ಬಂಧಗಳನ್ನು ತೆಗೆದುಹಾಕುವ ಶಾಸನವು 1919ರಲ್ಲಿ ಬಂದ ಮೇಲೆ, 1920ರಲ್ಲಿ, ಆ ಸಂಸ್ಥೆಯೇ ಈಕೆಯನ್ನು ಸದಸ್ಯಳನ್ನಾಗಿ ಸೇರಿಸಿಕೊಂಡಿತು. ಆ ವೇಳೆಗೆ ಈಕೆಗೆ ಎಪ್ಪತ್ತು ದಾಟಿತ್ತು. ಭರತಖಂಡದಲ್ಲಿಯೂ ಇಂಥ ಬಾಗಿಲು ತೆರೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. 1933ರಲ್ಲಿ ಮದರಾಸಿನ ಆರ್. ಶಿವಭೋಗಂ ಅವರು ಈ ದೇಶದ ಮೊದಲನೆಯ ಮಹಿಳಾ ಲೆಕ್ಕಪರಿಶೋಧಕರಾದರು.

ಈ ಮೂವರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶವು ಎದ್ದು ಕಾಣುತ್ತದೆ. ಮೂವರಲ್ಲಿ ಯಾರಿಗೂ ಮೊದಲ ಕಕ್ಷಿಗಾರನು ಪ್ರಕಟಣೆಯಿಂದ ಬಂದಂತೆ ಕಾಣುವುದಿಲ್ಲ. ಮೂವರೂ ಮೊದಲು ಬೇರೆಯವರ ಕೈಕೆಳಗೆ ದುಡಿದು, ಅಲ್ಲಿ ತಮ್ಮ ಕೆಲಸವನ್ನು ಕಂಡವರ ಸಮೀಪದಲ್ಲಿಯೇ ಬಾಗಿಲು ತೆರೆದರು. ವೃತ್ತಿಯು ಬಲಿತ ಮೇಲೆ ಇದನ್ನೇ ನಿಯಮವಾಗಿಯೂ ಮಾಡಿದರು. ಇಂಗ್ಲೆಂಡಿನಲ್ಲಿ ಸನ್ನದು ಲೆಕ್ಕಿಗರು ಜಾಹೀರಾತು ಕೊಡುವುದಕ್ಕೆ ಇದ್ದ ನಿಷೇಧವು ಸಡಿಲವಾದದ್ದು 1984ರಲ್ಲಿ. ಭಾರತದಲ್ಲಿ 1949ರ ಸನ್ನದು ಲೆಕ್ಕಪರಿಶೋಧಕರ ಶಾಸನದ ಅನುಸೂಚಿಯಲ್ಲಿಯೂ, ಸುತ್ತೋಲೆ ಜಾಹೀರಾತುಗಳಿಂದ ಕಕ್ಷಿಗಾರರನ್ನು ಸೆಳೆಯುವುದು ದೋಷವೆಂದು ಬರೆಯಲಾಯಿತು. ತನ್ನ ಪ್ರಾಮಾಣಿಕತೆಯನ್ನು ತಾನೇ ಸಾರುವವನ ಮಾತಿಗೆ ಬೆಲೆಯಿಲ್ಲವೆಂಬ ಹಳೆಯ ಭಾವನೆಯೇ ಇದರ ಬೇರೆಂದು ನಾವು ತಿಳಿಯುತ್ತೇವೆ.

ಎರಡನೆಯ ಅಂಶವು ಇನ್ನೂ ಮುಖ್ಯವಾದುದು. ಲೆಕ್ಕಿಗನು ಯಾರ ಮನುಷ್ಯ? ಶಾನುಭೋಗರು ವಂಶದ ಹಕ್ಕಿನಿಂದ ಕುಳಿತವರು. ಅವರನ್ನು ಊರು ಬಿಡಿಸುವಂತಿರಲಿಲ್ಲ. ಗುಮಾಸ್ತನು ಧಣಿಯ ಅನ್ನ ಉಂಡವನು. ಧಣಿಯು ಹೇಳಿದಂತೆ ಬರೆಯದಿದ್ದರೆ ನಾಳೆ ಅವನಿಗೆ ಕೆಲಸವಿಲ್ಲ. ಸ್ವತಂತ್ರ ಲೆಕ್ಕಿಗನು ಇವೆರಡರ ನಡುವಣ ಹಾದಿಯನ್ನು ಹಿಡಿದನು. ಆದರೆ ಒಬ್ಬನೇ ಕಕ್ಷಿಗಾರನಿರುವವರೆಗೆ ಅವನ ಸ್ವಾತಂತ್ರ್ಯವು ಬರಿಯ ಹೆಸರು; ಆ ಒಬ್ಬನೇ ಅವನ ಧಣಿ. ಒಬ್ಬನ ಕೆಲಸವನ್ನು ಬಿಟ್ಟರೂ ಒಲೆ ಹೊತ್ತುವುದೆಂಬ ಧೈರ್ಯ ಬಂದ ದಿನವೇ ಅವನ ಲೇಖನಿಗೆ ಸತ್ಯ ಬರೆಯುವ ಸ್ವಾತಂತ್ರ್ಯವೂ ಬರುತ್ತದೆ. ಮೊದಲ ಕಕ್ಷಿಗಾರನು ಹೊಟ್ಟೆಗೆ ಬೇಕು. ಎರಡನೆಯವನೂ ಮೂರನೆಯವನೂ ಪ್ರಾಮಾಣಿಕತೆಗೆ ಬೇಕು.

ಇದು ಹಳೆಯ ಲಂಡನ್ನಿನ ಮಾತು ಮಾತ್ರವಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ಮೇಲೆ, ಅದುವರೆಗೆ ಚೀಟಿಗಳಲ್ಲಿಯೂ ನೆನಪಿನಲ್ಲಿಯೂ ಲೆಕ್ಕವಿಟ್ಟುಕೊಂಡಿದ್ದ ಎಷ್ಟೋ ಅಂಗಡಿಯವರು ಕಾಲಕಾಲಕ್ಕೆ ವಿವರಪಟ್ಟಿಗಳನ್ನು ಸಲ್ಲಿಸಬೇಕಾಯಿತು. ಪೂರ್ಣಾವಧಿಯ ಗುಮಾಸ್ತನನ್ನಿಡಲು ಅವರಿಗೆ ಶಕ್ತಿಯಿಲ್ಲ. ಲೆಕ್ಕವಿಲ್ಲದೆ ನಡೆಯುವಂತೆಯೂ ಇಲ್ಲ. ಬಿ.ಕಾಂ. ಮುಗಿಸಿದ ತರುಣ ತರುಣಿಯರು ನಾಲ್ಕಾರು ಅಂಗಡಿಗಳ ಲೆಕ್ಕವನ್ನು ಹಂಚಿಕೊಂಡು ಬರೆದು ಸ್ವತಂತ್ರವಾಗಿ ಬದುಕಲು ಇಲ್ಲಿ ಅವಕಾಶವುಂಟು. ಕಾನೂನಿನಂತೆ ತನಿಖೆ ಮಾಡಿ ರುಜು ಹಾಕುವ ಅಧಿಕಾರವು ಸನ್ನದು ಪಡೆದವರಿಗೆ ಮಾತ್ರ ಸೇರಿದ್ದು. ದಿನದಿನದ ಲೆಕ್ಕ ಬರೆಯುವುದಕ್ಕೆ ಆ ಸನ್ನದು ಬೇಕಿಲ್ಲ. ಆದರೆ ಮೊದಲ ಬಾಗಿಲನ್ನು ತಟ್ಟುವ ಮುಂಚೆ ಇವರು ಈ ಮೂವರನ್ನು ನೆನೆಯುವುದು ಒಳ್ಳೆಯದು. ಯಾರ ಕೈಕೆಳಗೆ ಕೆಲಸ ಕಲಿತೆವೋ ಅವರ ನೆರೆಯಲ್ಲಿ ಮೊದಲುಮಾಡುವುದು. ಬಂಧುವಿನ ಲೆಕ್ಕವಾದರೂ ಸಂಭಾವನೆಯನ್ನು ಮುಂಚೆಯೇ ಬಾಯಿಬಿಟ್ಟು ಗೊತ್ತುಮಾಡುವುದು. ಒಂದು ಅಂಗಡಿಯ ಗುಟ್ಟನ್ನು ಮತ್ತೊಂದು ಅಂಗಡಿಗೆ ಒಯ್ಯದಿರುವುದು. ಒಬ್ಬನೇ ಕಕ್ಷಿಗಾರನ ನೆರಳಿನಲ್ಲಿ ತೃಪ್ತರಾಗಿ ಕುಳಿತುಬಿಡದಿರುವುದು. ‘ಈ ಕಲಮನ್ನು ಬಿಟ್ಟುಬಿಡಿ’ ಎನ್ನುವ ಅಂಗಡಿಯವನು ಇಂದಲ್ಲ ನಾಳೆ ಎದುರಾಗಿಯೇ ಆಗುತ್ತಾನೆ. ಆಗ ಪುಸ್ತಕವನ್ನು ಮುಚ್ಚಿ ಅವನ ಕೈಗೆ ಹಿಂದಿರುಗಿಸಿ ಎದ್ದುಬರುವ ಶಕ್ತಿಯು ಇದ್ದವರಿಗೆ, ಆ ಬೀದಿಯಲ್ಲಿಯೇ ಇನ್ನೊಂದು ಅಂಗಡಿಯ ಬಾಗಿಲು ತೆರೆಯುವುದೆಂದು ನಾವು ನಂಬಿದ್ದೇವೆ.